ಮೂರನೆಯ ಗುಂಡಿ

ಅಕ್ಟೋಬರ್ 14, 2003, ಮಂಗಳವಾರ. ಥ್ಯಾಂಕ್ಸ್‌ಗಿವಿಂಗ್ ಎಂಬ ಸುಗ್ಗಿ ಹಬ್ಬದ ಮರುದಿನ. ಪೋರ್ಟ್ ಹ್ಯಾಲೆಟ್ ಠಾಣೆಗೆ ಬಂದ ಸಾರ್ಜೆಂಟ್ ಲೆಲ್ಯಾಂಡ್ ಫಾರ್ಮರ್ ಇನ್ನೂ ಕೋಟು ಬಿಚ್ಚಿರಲಿಲ್ಲ. ಅಷ್ಟರಲ್ಲಿ ಆಲ್ವಿನ್ ಡಾರಿಂಗ್ಟನ್ ಒಳಗೆ ಬಂದು ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತ. ಅರವತ್ತೆಂಟು ದಾಟಿದ ಆ ಬಡಗಿ ಟೋಪಿ ತೆಗೆಯುವುದನ್ನೂ ಮರೆತಿದ್ದ.

"ಕಳ್ಳತನ ಆಗಿದೆ, ಲೆಲ್ಯಾಂಡ್. ಟೇಪುಗಳನ್ನ ಹೊತ್ಕೊಂಡು ಹೋಗಿದಾರೆ."

"ಎಷ್ಟು?"

"ಎಲ್ಲಾನೂ. ಹ್ಯಾಟಿ ಮಾಡಿದ್ದು ಅಷ್ಟೂ."

ಹ್ಯಾಟಿ ತೀರಿಕೊಂಡು ಮೂವತ್ತು ವರ್ಷ ಆಗಿತ್ತು. ಆಲ್ವಿನ್ ಆ ಹೆಸರು ಹೇಳಿದ ರೀತಿ ನೋಡಿದರೆ ಅವಳು ಮನೆಯಲ್ಲಿ ಕಾಯುತ್ತಾ ಕೂತಿದ್ದಾಳೆ ಅನ್ನಬೇಕು.

ಫಾರ್ಮರ್ ದೂರು ಬರೆದುಕೊಂಡ. ದೂರುದಾರ: ಆಲ್ವಿನ್ ಡಾರಿಂಗ್ಟನ್, ಅಧ್ಯಕ್ಷ, ಗಿಲ್ಯಡ್ ಕೋವ್ ಕರಿಯ ವಲಸಿಗರ ಪರಂಪರೆ ಸಂಘ. ಕಳುವಾದ ವಸ್ತು: ಹಳೆಯ ಕಾಲದ ದೊಡ್ಡ ಸುರುಳಿ ಟೇಪುಗಳು, ಮೂವತ್ತೊಂದು. ಬೆಲೆ ಎಂಬ ಅಂಕಣದ ಮುಂದೆ ಅವನ ಪೆನ್ನು ನಿಂತಿತು.

"ಬೆಲೆ ಏನಂತ ಬರೀಲಿ, ಆಲ್ವಿನ್ ಅಂಕಲ್?"

"ಅದರಲ್ಲಿ ನಿನ್ನ ಮುತ್ತಜ್ಜನೂ ಇದಾನೆ. ನೀನೇ ಕಟ್ಟು ಬೆಲೆನ."

ಫಾರ್ಮರ್ ಆ ಜಾಗ ಖಾಲಿ ಬಿಟ್ಟ.

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಇಂಗ್ಲೆಂಡಿನ ರಾಜನ ಕಡೆ ನಿಂತು, ಗುಲಾಮಗಿರಿಯಿಂದ ಬಿಡುಗಡೆಯ ಚೀಟಿ ಪಡೆದು ಹಡಗು ಹತ್ತಿ ಬಂದ ಕರಿಯರಿಗೆ ಅಮೆರಿಕದ ಉತ್ತರಕ್ಕಿರುವ ಈ ಕಡಲಂಚಿನಲ್ಲಿ ಸಿಕ್ಕಿದ್ದು ಬಂಡೆ, ಜೌಗು, ಚಳಿ. ಮೊದಲ ಚಳಿಗಾಲವನ್ನು ಅವರು ನೆಲ ತೋಡಿ, ಮೇಲೆ ಸ್ಪ್ರೂಸ್ ಮರದ ಕೊಂಬೆ ಹೊದಿಸಿ, ಅದರೊಳಗೆ ಕಳೆದರು. ಆ ಹೊಂಡಗಳ ಗುರುತು ಇನ್ನೂ ಉಳಿದಿರುವುದು ಗಿಲ್ಯಡ್ ಕೋವ್‌ನಲ್ಲಿ, ಒಂದೇ ಕೋಣೆಯ ಹಳೆಯ ಶಾಲೆಯ ಹಿಂದೆ. ಸಂಘ ಆ ಶಾಲೆಯನ್ನೇ ವಸ್ತುಸಂಗ್ರಹಾಲಯ ಮಾಡಿಕೊಂಡಿತ್ತು. ಆಲ್ವಿನ್‌ನ ಮೊದಲ ಹೆಂಡತಿ ಹ್ಯಾಟಿ ಸಾಯುವ ಮುಂಚೆ ನಾಲ್ಕು ವರ್ಷ, ಎರವಲು ತಂದ ಯಂತ್ರವನ್ನು ಕೈಗಾಡಿಯಲ್ಲಿ ಎಳೆದುಕೊಂಡು, ಮನೆ ಮನೆಗೆ ಹೋಗಿ ಮುದುಕ ಮುದುಕಿಯರ ಮಾತು ಹಿಡಿದಿಟ್ಟಿದ್ದಳು. ಈಗ ಅವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಟೇಪುಗಳಿಗೆ ನಕಲು ಇರಲಿಲ್ಲ. ಮುಂದಿನ ವಾರ ಹ್ಯಾಲಿಫ್ಯಾಕ್ಸ್‌ಗೆ ಕಳಿಸಿ ನಕಲು ಮಾಡಿಸಬೇಕೆಂದು ತೀರ್ಮಾನವಾಗಿತ್ತು.

ಹತ್ತು ಗಂಟೆಗೆ ಫಾರ್ಮರ್ ಮತ್ತು ಕಾನ್‌ಸ್ಟೇಬಲ್ ಜೋಸ್ಲಿನ್ ಡೋಂತ್ರೆಮಾಂ ಶಾಲೆ ತಲುಪಿದರು. ಜೋಸ್ಲಿನ್ ಪಕ್ಕದ ಫ್ರೆಂಚ್ ಮೀನುಗಾರರ ಹಳ್ಳಿಯ ಹುಡುಗಿ, ಕೆಲಸಕ್ಕೆ ಸೇರಿ ಎರಡನೇ ವರ್ಷ. ಪಂಚನಾಮೆಗೆ ಇಬ್ಬರು ಸಾಕ್ಷಿಗಳು ಬೇಕಿತ್ತು. ಸಂಘದ ಕಾರ್ಯದರ್ಶಿ, ಹ್ಯಾಟಿಯ ತಂಗಿ ಥೆಲ್ಮಾ ಜ್ಯಾಕ್ಲಿನ್ ಆಗಲೇ ಬಂದಿದ್ದಳು. ಎರಡನೆಯವನಾಗಿ ಪಕ್ಕದ ಜಮೀನಿನ ಬಿಳಿಯ ಕ್ಲೈಡ್ ಹಪ್‌ಮನ್‌ನನ್ನು ಕರೆಸಿದಾಗ ಥೆಲ್ಮಾ ಮುಖ ಗಂಟು ಹಾಕಿದಳು.

"ನರೀನೇ ಕರೆದು ಕೋಳಿ ಎಣಿಸು ಅಂದಂಗಾಯ್ತು."

"ಥೆಲ್ಮಾ, ಕಾಲುದಾರಿ ವಿಷಯಕ್ಕೆ ನಾನು ಜಗಳ ಆಡಿದ್ದು ನಿಜ," ಅಂದ ಕ್ಲೈಡ್. "ಕದಿಯೋಕೆ ಬಂದೋನಲ್ಲ."

"ಹೋದ ವರ್ಷ ಕಿಟಕಿಗೆ ಕಲ್ಲು ಬಿದ್ದಿತ್ತಲ್ಲ, ಅದು ಆಕಾಶದಿಂದ ಬಿತ್ತೇನೋ!"

ಫಾರ್ಮರ್ ಇಬ್ಬರನ್ನೂ ಸುಮ್ಮನಾಗಿಸಿ ಒಳಗೆ ಹೋದ. ಬೀಗ ಮುರಿದಿರಲಿಲ್ಲ. ಕಾಣಿಕೆ ಡಬ್ಬ ಹಾಗೇ ಇತ್ತು. ಹೊಸ ಕಂಪ್ಯೂಟರ್ ಮೇಲಿನ ಧೂಳು ಸಹ ಕದಲಿರಲಿಲ್ಲ. ಟೇಪಿನ ಬೀರು ಮಾತ್ರ ಬರಿದಾಗಿತ್ತು. ಗೋಡೆಯ ಫಲಕದ ಕೆಳಗೆ ಮೂರು ಗುಂಡಿಗಳು. ಒಂದನ್ನು ಒತ್ತಿದರೆ ಹಡಗಿನ ಗಂಟೆ, ಎರಡನೆಯದಕ್ಕೆ ಚರ್ಚಿನ ಹಾಡು. ಜೋಸ್ಲಿನ್ ಮೂರನೆಯದನ್ನು ಒತ್ತಿದಳು. ಸದ್ದಿಲ್ಲ. ಆ ಗುಂಡಿಯ ಹಿಂದಿನ ಪುಟ್ಟ ಯಂತ್ರದಲ್ಲಿ ಇರಬೇಕಾದ ಸಿ.ಡಿ. ತಟ್ಟೆ ಮಾಯವಾಗಿತ್ತು.

"ಇದರಲ್ಲಿ ಏನಿತ್ತು?"

"ನಮ್ಮಜ್ಜಿ ಸೇಬ್ರಾ," ಅಂದಳು ಥೆಲ್ಮಾ. "ಹೊಂಡದಲ್ಲಿ ಕಳೆದ ಮೊದಲನೇ ಚಳಿಗಾಲದ ಕತೆ. ಅಜ್ಜಿಗೆ ಅವರಜ್ಜಿ ಹೇಳಿದ್ದು. ಬೇರೆ ಯಾರಿಗೂ ಅಷ್ಟು ನೆನಪಿರಲಿಲ್ಲ. ಮೂರು ನಿಮಿಷ ಮಾತ್ರ ಇಲ್ಲಿ ಹಾಕಿದ್ವಿ. ಉಳಿದದ್ದು ಟೇಪಲ್ಲೇ ಇತ್ತು."

ಜೋಸ್ಲಿನ್ ನೆಲ ನೋಡುತ್ತಾ ನಿಂತಿದ್ದಳು.

"ಸಾರ್ಜೆಂಟ್, ನಿನ್ನೆ ರಾತ್ರಿ ಮಳೆ ಹೊಯ್ದಿದೆ. ಹೊರಗೆ ಪಾದ ಮುಳುಗೋ ಕೆಸರು. ಬೆಳಗ್ಗೆ ಬಂದವರದು, ನಮ್ಮದು ಬಿಟ್ಟರೆ ಒಳಗೆ ಒಂದು ಹೆಜ್ಜೆ ಗುರುತೂ ಇಲ್ಲ."

"ಥೆಲ್ಮಾ ಆಂಟಿ, ಬೆಳಗ್ಗೆ ನೀವು ನೆಲ ಒರೆಸಿದ್ರಾ?"

"ನಾನು ಮುಟ್ಟಿದ್ದರೆ ಕೈ ಕತ್ತರಿಸು."

ಮೂಲೆಯಲ್ಲಿ ನೆಲ ಒರೆಸುವ ಕೋಲು ತಲೆ ಮೇಲಾಗಿ, ಒಲೆಯ ಪಕ್ಕದ ಗೋಡೆಗೆ ಒರಗಿ ನಿಂತಿತ್ತು. ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಎಳೆಗಳನ್ನು ಬಿಡಿಸಿ ಹರಡಿದ್ದರು. ಇನ್ನೂ ತೇವ ಇತ್ತು. ಕಳ್ಳ ಕೆಸರುಗಾಲಲ್ಲಿ ಬಂದಿದ್ದಾನೆ, ಬೀರು ಬರಿದು ಮಾಡಿದ್ದಾನೆ, ಆಮೇಲೆ ನೆಲ ಒರೆಸಿ, ಕೋಲು ಒಣಗಲು ಇಟ್ಟು ಹೋಗಿದ್ದಾನೆ. ಗುರುತು ಅಳಿಸುವವನು ಒರೆಸಿಯಾನು. ಒಣಗಲು ಇಡುವಷ್ಟು ಅಕ್ಕರೆ ಅವನಿಗೆ ಎಲ್ಲಿಂದ ಬರಬೇಕು? ಫಾರ್ಮರ್ ಪಂಚನಾಮೆಯಲ್ಲಿ ಅದನ್ನೂ ಬರೆಸಿದ. ಕ್ಲೈಡ್ ಸಹಿ ಹಾಕಿದ. ಅವನು ಹಾಕಿದ ಮೇಲೆ ಥೆಲ್ಮಾ, ಅವನಿಗಿಂತ ದೊಡ್ಡದಾಗಿ.

ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ: ಆಲ್ವಿನ್, ಥೆಲ್ಮಾ. ಫಾರ್ಮರ್ ಥೆಲ್ಮಾಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಕೇಳಿದ.

"ನಿನ್ನೆ ರಾತ್ರಿ ಎಲ್ಲಿದ್ರಿ?"

"ಆಲ್ವಿನ್ ಮನೇಲಿ ಹಬ್ಬದೂಟ. ಒಂಬತ್ತಕ್ಕೆ ಎದ್ದು ಮನೆಗೆ ಹೋದೆ."

"ಈ ಫಲಕದ ವಿಷಯಕ್ಕೆ ನಿಮಗೂ ಆಲ್ವಿನ್‌ಗೂ ಮಾತು ಬೆಳೆದಿತ್ತಂತೆ?"

ಥೆಲ್ಮಾ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಬೆಳೆಯದೆ ಏನು? ಕತೆ ಹೇಳಿದ್ದು ನಮ್ಮಜ್ಜಿ. ಫಲಕದ ಮೇಲೆ ಹ್ಯಾಟಿ ಹೆಸರು ಕುಂಬಳಕಾಯಿಯಷ್ಟು ದಪ್ಪ, ಅಜ್ಜಿ ಹೆಸರು ಸಾಸಿವೆಯಷ್ಟು ಸಣ್ಣ. ಹ್ಯಾಟಿ ನನ್ನ ಒಡಹುಟ್ಟಿದ ಅಕ್ಕ, ಲೆಲ್ಯಾಂಡ್, ಆದರೂ ಹೇಳ್ತೀನಿ. ಚಿಕ್ಕಂದಿನಿಂದ ಇದೇ. ಒಳ್ಳೆ ಫ್ರಾಕು ಅವಳಿಗೆ, ಒಳ್ಳೆ ಕಂಠ ಅವಳಿಗೆ, ಆಲ್ವಿನ್ನೂ ಅವಳಿಗೆ. ಸತ್ತ ಮೇಲಾದ್ರೂ ನಮಗೆ ಒಂದಿಷ್ಟು ಉಳಿಸ್ತಾಳೆ ಅಂದ್ಕೊಂಡಿದ್ದೆ."

ಕೊನೆಯ ಮಾತು ಹೇಳಿ ಅವಳೇ ಬೆಚ್ಚಿದಳು. "ಅಂದ್ರೆ ನಾನು ಕದ್ದೆ ಅಂತಲ್ಲ. ನಮ್ಮಜ್ಜಿ ಧ್ವನೀನ ನಾನೇ ಕದಿಯೋದಾ?"

"ಇಲ್ಲಿ ನೆಲ ಒರೆಸೋದು ಯಾರು?"

"ಸರದಿ ಪ್ರಕಾರ ಎಲ್ಲಾರೂ. ಒರೆಸಿದ್ದು ಸರಿಯಿಲ್ಲ ಅನ್ನೋಕೆ ಮಾರ್ಲೀನ್ ಇದಾಳಲ್ಲ. ಬಂದು ಇಪ್ಪತ್ತೇಳು ವರ್ಷ ಆದ್ರೂ ಹೊರಗಿನವಳೇ. ಅವಳು ಮಾಡೋ ಬೀನ್ಸಿಗೆ ಸಕ್ಕರೆ ಜಾಸ್ತಿ."

ಮಾರ್ಲೀನ್ ಆಲ್ವಿನ್‌ನ ಎರಡನೇ ಹೆಂಡತಿ. ಶಾಲೆಯ ಸೂರಿಗೆ ಹಣ ಕೂಡಿಸಿದ ಶನಿವಾರದ ಊಟಗಳಿಗೆಲ್ಲ ಅಡುಗೆ ಅವಳದೇ ಎಂದು ಫಾರ್ಮರ್‌ಗೆ ಗೊತ್ತಿತ್ತು. ಅವನೂ ಎಷ್ಟೋ ಸಲ ಆ ಬೀನ್ಸು ತಿಂದಿದ್ದ. ಸಕ್ಕರೆ ಸರಿಯಾಗಿಯೇ ಇರುತ್ತಿತ್ತು.

ಕ್ಲೈಡ್‌ನ ಹೇಳಿಕೆಯನ್ನು ಅವನ ಕೊಟ್ಟಿಗೆಯಲ್ಲೇ ತೆಗೆದುಕೊಂಡರು. ಹಬ್ಬದ ರಾತ್ರಿ ಅವನು ಮಗಳ ಮನೆಯಲ್ಲಿದ್ದ. ಜೋಸ್ಲಿನ್ ಫೋನ್ ಮಾಡಿ ಖಾತ್ರಿ ಮಾಡಿಕೊಂಡಳು.

"ಈಚೆಗೆ ಶಾಲೆ ಹತ್ತಿರ ಹೊಸಬರು ಯಾರಾದ್ರೂ ಕಂಡಿದ್ರಾ?"

"ಹೊಸಬರಿಲ್ಲ. ಆಲ್ವಿನ್ ದಿನಾ ಸಂಜೆ ಬೀಗ ಹಾಕೋಕೆ ಬರ್ತಾನೆ. ಬೀಗ ಹಾಕೋಕೆ ಒಂದು ಗಂಟೆ ಬೇಕಾ? ಆ ಮೂರನೇ ಗುಂಡಿ ಒತ್ತಿ ಒತ್ತಿ ಕೇಳ್ತಾನೆ. ಗಾಳಿ ಈ ಕಡೆ ಬೀಸಿದ್ರೆ ನನಗೂ ಕೇಳ್ಸುತ್ತೆ. ನನಗೂ ಬಾಯಿಪಾಠ ಆಗಿದೆ." ಕ್ಲೈಡ್ ಬಾಗಿಲಾಚೆ ಶಾಲೆಯ ಕಡೆ ಕೈ ತೋರಿಸಿದ. "ಇನ್ನೊಂದಿದೆ. ತಿಂಗಳಿಂದ ಆ ಸ್ಪ್ರೂಸ್ ಮರಗಳ ಕೆಳಗೆ ಒಂದು ಸಣ್ಣ ಕಾರು ನಿಲ್ತಿತ್ತು. ದೀಪ ಹಾಕಿರ್ತಿರಲಿಲ್ಲ. ಪ್ರೇಮಿಗಳಿರಬೇಕು ಅಂದ್ಕೊಂಡೆ."

"ಅಲ್ಲವಾ?"

"ಒಳಗೆ ಒಂದೇ ತಲೆ."

ದೀಪ ಆರಿಸಿದ ಕಾರಿನಲ್ಲಿ ಒಬ್ಬನೇ ಕೂರುವುದು ಏನೆಂದು ಫಾರ್ಮರ್‌ಗೆ ಗೊತ್ತಿತ್ತು. ಹೆಂಡತಿ ಕಾಲೀನ್ ಬಿಟ್ಟುಹೋದ ವರ್ಷ, ಅವಳ ಹೊಸ ಮನೆಯ ಎದುರು ಅವನೂ ಹಾಗೆ ಕೂತಿದ್ದ. ಒಳಗಿನ ದೀಪ, ಪರದೆಯ ಮೇಲೆ ಓಡಾಡುವ ಎರಡು ನೆರಳು. ಏನೂ ಮಾಡಲು ಹೋದವನಲ್ಲ. ನೋಡದೆ ಇರಲಾರದೆ ಹೋದವನು.

"ಪ್ರೇಮಿ ಇರಬಹುದು," ಅಂದ ಅವನು ಕೊನೆಗೆ. "ಒಬ್ಬರೇ."

ಮಧ್ಯಾಹ್ನ ಎರಡಕ್ಕೆ ಆಲ್ವಿನ್‌ನ ಮನೆಗೆ ಹೋದರು. ಬೀಗದ ಕೈ ಎಲ್ಲಿರುತ್ತದೆಂದು ನೋಡುವುದಿದೆ ಅಂದ ಫಾರ್ಮರ್. ಆಲ್ವಿನ್ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆ ತೋರಿಸಿದ. ಯಾರ ಕೈಗೂ ಎಟಕುವ ಮೊಳೆ. ಮಾರ್ಲೀನ್ ಹಬ್ಬದಲ್ಲಿ ಉಳಿದ ಟರ್ಕಿ ಕೋಳಿಯ ಎಲುಬಿನಿಂದ ಮಾಂಸ ಬಿಡಿಸುತ್ತಿದ್ದಳು. ಅರವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ಬೆಳ್ಳಗಾದ ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದಳು.

"ಕೂತ್ಕೊಳ್ಳಿ. ಸೂಪು ಇದೆ."

"ಆಮೇಲೆ ನೋಡೋಣ, ಮಿಸೆಸ್ ಡಾರಿಂಗ್ಟನ್. ನಿನ್ನೆ ಊಟಕ್ಕೆ ಎಲ್ಲಾರೂ ಎಷ್ಟು ಗಂಟೆಗೆ ಕೂತ್ರಿ?"

"ಐದಕ್ಕೆ ಕೂರ್ಬೇಕಿತ್ತು. ಆರೂವರೆ ಆಯ್ತು."

"ಯಾಕೆ?"

ಮಾರ್ಲೀನ್ ಗಂಡನ ಕಡೆ ನೋಡಲಿಲ್ಲ. "ಅವರನ್ನೇ ಕೇಳಿ."

"ಬೀಗ ಹಾಕೋಕೆ ಹೋಗಿದ್ದೆ," ಅಂದ ಆಲ್ವಿನ್. "ಸ್ವಲ್ಪ ಹೊತ್ತಾಯ್ತು."

ಹೊರಗೆ ಮೈ ಕೊರೆಯುವ ಚಳಿ. ಆದರೂ ಅಡುಗೆಮನೆಯ ಎರಡು ಕಿಟಕಿಗಳೂ ತೆರೆದಿದ್ದವು. ಜೋಸ್ಲಿನ್ ಮೂಗು ಅರಳಿಸಿದಳು. ಟರ್ಕಿಯ ಘಮದ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಪ್ಲಾಸ್ಟಿಕ್ ಸುಟ್ಟದ್ದು.

"ಬೆಳಗ್ಗೆ ಒಲೆಗೆ ಚೀಲ ಬಿತ್ತಂತೆ," ಅಂದ ಆಲ್ವಿನ್, ತಾನಾಗಿಯೇ. "ಇನ್ನೂ ಹೋಗಿಲ್ಲ ಈ ದರಿದ್ರ ವಾಸನೆ."

ಹಿಂಬಾಗಿಲಿನ ಜಗಲಿಯಲ್ಲಿ ನೆಲ ಒರೆಸುವ ಕೋಲು ತಲೆ ಮೇಲಾಗಿ ನಿಂತಿತ್ತು. ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಎಳೆಗಳನ್ನು ಬಿಡಿಸಿ ಹರಡಲಾಗಿತ್ತು. ಜಗಲಿಯ ಆಚೆ ಒಂದು ಸಣ್ಣ ನೀಲಿ ಕಾರು.

ಫಾರ್ಮರ್ ಅಲ್ಲಿ ಬೇರೇನೂ ಕೇಳಲಿಲ್ಲ. ಜೋಸ್ಲಿನ್‌ಳನ್ನು ಮನೆ ಮುಂದೆ ಕಾವಲಿಗೆ ಬಿಟ್ಟು, ಪಟ್ಟಣಕ್ಕೆ ಹೋಗಿ, ನ್ಯಾಯಾಧಿಕಾರಿಯಿಂದ ಶೋಧನಾ ವಾರಂಟು ತಂದ. ನಾಲ್ಕೂಕಾಲಕ್ಕೆ ಮತ್ತೆ ಬಾಗಿಲು ತಟ್ಟಿದಾಗ ತೆರೆದವಳು ಮಾರ್ಲೀನ್. ಕಾಗದವನ್ನು ಓದದೆ ಹಿಂದಕ್ಕೆ ಕೊಟ್ಟಳು.

"ನೆಲಮಾಳಿಗೇಲಿದೆ. ಆಲೂಗಡ್ಡೆ ಪೆಟ್ಟಿಗೆ ಹಿಂದೆ. ಮೆಟ್ಟಿಲು ಜಾರುತ್ತೆ, ನೋಡ್ಕೊಂಡು ಇಳೀರಿ."

ಮೂವತ್ತು ಟೇಪುಗಳು ಒಂದೊಂದೂ ಒಗೆದ ಟವೆಲಿನಲ್ಲಿ ಸುತ್ತಿಕೊಂಡು, ಎರಡು ಸಾಲಾಗಿ ಕೂತಿದ್ದವು. ಮೂವತ್ತೊಂದನೆಯದು ಇರಲಿಲ್ಲ. ಒಲೆಯ ಬೂದಿಯಲ್ಲಿ ಕರಗಿ ಗಂಟಾದ ಕಪ್ಪು ಪ್ಲಾಸ್ಟಿಕ್ ಸಿಕ್ಕಿತು. ಜೋಸ್ಲಿನ್ ಅದನ್ನು ಲಕೋಟೆಗೆ ಹಾಕಿ ಮೊಹರು ಮಾಡಿದಳು.

ಆಲ್ವಿನ್ ಮೆಟ್ಟಿಲ ತುದಿಯಲ್ಲಿ ನಿಂತು ಟವೆಲುಗಳನ್ನು ನೋಡಿದ. ಅವು ಅವನದೇ ಮನೆಯ ಟವೆಲುಗಳು. "ಮಾರ್ಲೀನ್?" ಅಂದ.

ಫಾರ್ಮರ್ ಕಾನೂನಿನ ಪ್ರಕಾರ ಹೇಳಬೇಕಾದ್ದನ್ನು ಹೇಳಿದ. ಕಳ್ಳತನ, ಸ್ವತ್ತು ನಾಶ, ಈ ಆರೋಪಗಳ ಮೇಲೆ ಬಂಧಿಸುತ್ತಿದ್ದೇನೆ. ಸುಮ್ಮನಿರುವ ಹಕ್ಕಿದೆ, ವಕೀಲರನ್ನು ಕರೆಸುವ ಹಕ್ಕಿದೆ. ಮಾರ್ಲೀನ್ ಕೈ ತೊಳೆದು, ಏಪ್ರನ್ ಮಡಚಿಟ್ಟು, ಸೂಪಿನ ಒಲೆ ಆರಿಸಿ, ಮೈಮೇಲಿನ ಸ್ವೆಟರಿನಲ್ಲೇ ಬಂದು ಕಾರಿನಲ್ಲಿ ಕೂತಳು.

ಠಾಣೆಯಲ್ಲಿ ಅವಳು ವಕೀಲರೊಡನೆ ಫೋನಿನಲ್ಲಿ ಎರಡು ನಿಮಿಷ ಮಾತಾಡಿದಳು. ಏನೂ ಹೇಳಬೇಡಿ ಅಂದರಂತೆ. ಆದರೂ ಹೇಳುತ್ತೇನೆಂದಳು.

"ಯಾವಾಗ ತಗೊಂಡ್ರಿ?"

"ಊಟ ಮುಗಿದು ಪಾತ್ರೆ ಆದ ಮೇಲೆ. ಅವರು ಸೋಫಾದ ಮೇಲೇ ನಿದ್ದೆ ಹೋಗಿದ್ರು."

"ನೆಲ ಯಾಕೆ ಒರೆಸಿದ್ರಿ?"

"ಕೆಸರಾಗಿತ್ತು."

"ಗುರುತು ಸಿಗಬಾರದು ಅಂತಾನಾ?"

"ಕೆಸರಾಗಿತ್ತು ಅಂದ್ನಲ್ಲ."

"ಟೇಪಿನ ಮೇಲೆ ನಿಮಗೇನು ಸಿಟ್ಟು?"

ಮಾರ್ಲೀನ್ ಮೇಜಿನ ಅಂಚನ್ನು ಬೆರಳಿನಿಂದ ಉಜ್ಜಿದಳು.

"ನಾನು ಮದುವೆಯಾಗಿ ಬಂದಾಗ ಗೋಡೆ ಮೇಲೆ ಅವಳ ಪಟ ಇತ್ತು. ಇರಲಿ ಅಂದೆ. ಅದರ ಧೂಳು ಒರೆಸಿದ್ದೂ ನಾನೇ. ಅವಳ ಹುಟ್ಟುಹಬ್ಬಕ್ಕೆ ಸಮಾಧಿಗೆ ಹೂ ಒಯ್ಯೋರು, ಹೂ ಕೊಯ್ದು ಕೊಟ್ಟವಳೂ ನಾನೇ. ಪಟ ಮಾತಾಡಲ್ಲ, ಸಾರ್ಜೆಂಟ್. ಸವತಿ ಅಂದ್ಕೊಂಡ್ರೂ ಬಾಯಿಲ್ಲದ ಸವತಿ. ಈ ಜೂನ್‌ನಲ್ಲಿ ಅವಳಿಗೆ ಬಾಯಿ ಬಂತು."

"ಮೂರನೇ ಗುಂಡಿ."

"ಒಂದು ದಿನ ಕನ್ನಡಕ ಮರೆತು ಹೋಗಿದ್ರು. ಕೊಡೋಣ ಅಂತ ಹೋದೆ. ಕಿಟಕೀಲಿ ನೋಡ್ದೆ. ಆ ಟೇಪು ಶುರುವಾಗೋದು ಸೇಬ್ರಾ ಅಜ್ಜಿಯಿಂದಲ್ಲ, ಗೊತ್ತಾ? ಮೊದಲು ಹ್ಯಾಟಿ ಹೇಳ್ತಾಳೆ, 'ಆಲ್ವಿನ್, ಆ ಕಿಟಕಿ ಹಾಕು, ಗಾಳಿ ಸದ್ದು ಬರ್ತಿದೆ' ಅಂತ. ಅವಾಗ ಇವರು ನಗೋದು ಕೇಳ್ಸುತ್ತೆ. ಅಂಥ ನಗು ನಾನು ಒಂದು ದಿನಾನೂ ಕೇಳಿಲ್ಲ. ಮಕ್ಕಳು ಕೂರೋ ಬೆಂಚಿನ ಮೇಲೆ ಮಂಡಿ ಮಡಚಿ ಕೂತು, ಗುಂಡಿ ಒತ್ತೋರು. 'ಕಿಟಕಿ ಹಾಕು' ಅನ್ನೋಳು ಅವಳು. 'ಹಾಕಿದೀನಿ ಕಣೇ' ಅನ್ನೋರು ಇವರು. ಮತ್ತೆ ಒತ್ತೋರು. ಮತ್ತೆ 'ಹಾಕಿದೀನಿ ಕಣೇ.'"

ಅವಳ ಧ್ವನಿ ಏರಲಿಲ್ಲ.

"ಮನೇಲಿ ನಾನು ಏನು ಕೇಳಿದ್ರೂ ಒಂದು ಹ್ಞೂಂ. ಉಪ್ಪು ಸಾಕಾ? ಹ್ಞೂಂ. ಹೊರಗೆ ಬೆಂಕಿ ಬಿದ್ದಿದೆ ಅಂದ್ರೂ ಹ್ಞೂಂ ಅಂದಾರು. ಅಲ್ಲಿ ಸತ್ತವಳಿಗೆ ನಿಂತ ಕಾಲಲ್ಲಿ ಉತ್ತರ. ಆಮೇಲೆ ನನಗೆ ಹೋಗದೆ ಇರೋಕೆ ಆಗ್ಲಿಲ್ಲ. ದಿನಾ ಹೋದೆ. ಮರದ ಕೆಳಗೆ ಕಾರು ನಿಲ್ಸಿ, ನಡೆದು ಹೋಗಿ ನೋಡ್ದೆ, ವಾಪಸು ಬಂದು ಕೂತೆ. ಅವರಿಗಿಂತ ಮುಂಚೆ ಮನೆ ಸೇರಿ ಆಲೂಗಡ್ಡೆ ಬೇಯಿಸ್ದೆ."

"ನಿನ್ನೆ?"

"ನಿನ್ನೆ ಮೇಜಿನ ಸುತ್ತ ಎಂಟು ಜನ. ಟರ್ಕಿ ಆರಿ ಚರ್ಮ ಸುಕ್ಕಾಯ್ತು. ಎಲ್ಲಾರಿಗೂ ಗೊತ್ತಿತ್ತು ಇವರು ಎಲ್ಲಿದಾರೆ ಅಂತ. ಥೆಲ್ಮಾ ನನ್ನ ಕಡೆ ನೋಡಿ, 'ಶುರು ಮಾಡೋಣ ಮಾರ್ಲೀನ್, ಅಕ್ಕ ಬಿಟ್ಟ ಮೇಲೆ ಬರ್ತಾನೆ' ಅಂದ್ಳು. ಒಬ್ಬರು ನಕ್ಕರು."

ಫಾರ್ಮರ್ ಬರೆಯುವುದನ್ನು ನಿಲ್ಲಿಸಿದ್ದ.

"ಬೇರೆ ಮೂವತ್ತು ಯಾಕೆ ಸುಡಲಿಲ್ಲ?"

"ಎಲ್ಲದರಲ್ಲೂ ಅವಳಿದಾಳೆ. ಪ್ರಶ್ನೆ ಕೇಳೋಳು ಅವಳೇ ತಾನೆ? ಎಲ್ಲಾ ಸುಡಬೇಕು ಅಂತಾನೇ ತಂದೆ. ಮೊದಲು ಸೇಬ್ರಾದು ಹಾಕ್ದೆ, ಆ ತಟ್ಟೇನೂ ಹಾಕ್ದೆ. ಎರಡನೇದು ತಗೊಂಡ್ರೆ ಅದರ ಮೇಲೆ ಜೊಸಾಯ ಅಂಕಲ್ ಹೆಸರು. ಕೊನೇ ಚಳಿಗಾಲದಲ್ಲಿ ಅವರಿಗೆ ಚಮಚದಲ್ಲಿ ಗಂಜಿ ತಿನ್ನಿಸಿದ್ದು ನಾನು. ಅದರ ಕೆಳಗಿಂದು ಡೆಲೀಲಾ. ಅವರ ಮೈ ತೊಳೆದು ಪೆಟ್ಟಿಗೇಲಿ ಮಲಗಿಸಿದ್ದು ನಾನು. ಇವರೆಲ್ಲ ನನಗೂ ಬೇಕಾದೋರೇ. ಅವಳನ್ನ ಸುಡೋಕೆ ಅವರನ್ನೂ ಸುಡಬೇಕಿತ್ತು. ಕೈ ಬರಲಿಲ್ಲ." ಮತ್ತೆ ಮೇಜಿನ ಅಂಚು ಉಜ್ಜುತ್ತಾ ಹೇಳಿದಳು, "ಸೇಬ್ರಾನ ನಾನು ನೋಡಿರಲಿಲ್ಲ."

ಐದೂವರೆಗೆ ಥೆಲ್ಮಾ ಠಾಣೆಗೆ ಬಂದಳು. ಸುಟ್ಟದ್ದು ಯಾವ ಟೇಪು ಎಂದು ಕೇಳಿ ಕುರ್ಚಿಯ ಮೇಲೆ ಕುಸಿದಳು. ಆಮೇಲೆ ಎದ್ದು, ಒಳಗಿನ ಕೋಣೆಗೆ ಕೇಳುವ ಹಾಗೆ ಕೂಗಿದಳು. "ಇನ್ನೂರಿಪ್ಪತ್ತು ವರ್ಷ ಉಳಿದಿತ್ತು ಕಣೇ ಆ ಕತೆ! ಆ ಹೊಂಡದಲ್ಲಿ ಹಿಮದ ಕೆಳಗೂ ಸಾಯದೆ ಉಳಿದಿತ್ತು! ನಿನ್ನ ಹೊಟ್ಟೆಕಿಚ್ಚಿಗೆ ಬೂದಿಯಾಯ್ತು!" ಸಂಘ ದೂರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಫಾರ್ಮರ್‌ಗೆ ಹೇಳಿ, ಅದನ್ನು ಬರೆದೂ ಕೊಟ್ಟಳು. ಫಾರ್ಮರ್ ವಾದಿಸಲಿಲ್ಲ. ಅವಳು ಹೇಳಿದ್ದು ಸರಿಯಿತ್ತು. ಮೇಜಿನ ಸುತ್ತ ಯಾರೋ ನಕ್ಕ ಮಾತು ಅವನ ಬಾಯಿಗೆ ಬಂತು, ಅಲ್ಲೇ ನುಂಗಿಕೊಂಡ.

ಜೋಸ್ಲಿನ್ ವರದಿ ಟೈಪು ಮಾಡುತ್ತಿದ್ದಳು.

"ಉದ್ದೇಶ ಅನ್ನೋ ಕಡೆ ಏನು ಹಾಕಲಿ?"

"ಅಸೂಯೆ."

"ಯಾರ ಮೇಲೆ?"

"ಹ್ಯಾಟಿ ಡಾರಿಂಗ್ಟನ್. ಹೆಸರಿನ ಮುಂದೆ ಮೃತೆ ಅಂತ ಹಾಕು."

ವಿಚಾರಣೆಗೆ ಡಿಸೆಂಬರ್ ಮೊದಲ ವಾರ ಹಾಜರಾಗಬೇಕು, ಅಲ್ಲಿಯತನಕ ಶಾಲೆಯ ಹೊಸ್ತಿಲು ತುಳಿಯಕೂಡದು ಎಂಬ ಮುಚ್ಚಳಿಕೆಗೆ ಸಹಿ ಹಾಕಿಸಿ ಮಾರ್ಲೀನ್‌ಳನ್ನು ಬಿಡಬೇಕಿತ್ತು. ಸಹಿಗೆ ಕಾಗದ ತರಲು ಹೊರಬಂದ ಫಾರ್ಮರ್, ಆಲ್ವಿನ್ ಕೌಂಟರಿನ ಮುಂದೆ ನಿಂತಿರುವುದನ್ನು ಕಂಡ. ಕೈಯಲ್ಲಿ ಹೆಂಗಸರ ಕೋಟು. ಅವಳು ಹೇಳಿದ್ದರಲ್ಲಿ ಗಂಡನಿಗೆ ತಿಳಿಸಬಹುದಾದಷ್ಟನ್ನು ಫಾರ್ಮರ್ ತಿಳಿಸಿದ. ಆಲ್ವಿನ್ ಕೋಟಿನ ತೋಳನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಎಷ್ಟು ದಿನದಿಂದ ಕಿಟಕಿ ಹೊರಗೆ ನಿಂತಿದ್ಳು?"

"ಒಂದು ತಿಂಗಳ ಮೇಲಾಗಿದೆ."

"ಒಳಗೆ ಬರಬಹುದಿತ್ತಲ್ಲ."

"ನೀವು ಕರೆದಿದ್ರಾ, ಆಲ್ವಿನ್ ಅಂಕಲ್?"

ಆಲ್ವಿನ್ ಕೋಟನ್ನು ಕೌಂಟರಿನ ಮೇಲಿಟ್ಟು ಹೊರಗೆ ಹೋದ.

ಮಾರ್ಲೀನ್ ಸಹಿ ಹಾಕಿ, ಕೋಟು ನೋಡಿ ಹುಬ್ಬೇರಿಸಿದಳು. "ಇದು ಭಾನುವಾರ ಚರ್ಚಿಗೆ ಹಾಕೋದು. ದಿನಾ ಹಾಕೋದು ಬಾಗಿಲ ಹಿಂದೇನೇ ನೇತಾಡ್ತಿರುತ್ತೆ, ಬೀಗದ ಕೈ ಪಕ್ಕ. ಇವರಿಗೆ ಕಂಡಿಲ್ಲ." ಕಿಟಕಿಯ ಆಚೆ ಕತ್ತಲಲ್ಲಿ ಆಲ್ವಿನ್‌ನ ಟ್ರಕ್ಕು ಎಂಜಿನ್ ಆರಿಸದೆ ನಿಂತಿತ್ತು. ಅವಳು ಅದನ್ನು ಬಹಳ ಹೊತ್ತು ನೋಡಿದಳು.

"ಒಂದು ಕೇಳ್ತೀನಿ, ನಿಜ ಹೇಳಿ. ಅವರು ಟೇಪು ತಗೊಂಡು ಹೋಗೋಕೆ ಬಂದಿದಾರಾ?"

"ಕೇಸು ಮುಗಿಯೋ ತನಕ ಟೇಪುಗಳು ನಮ್ಮ ಬೀರುವಿನಲ್ಲೇ ಇರ್ತವೆ, ಮಿಸೆಸ್ ಡಾರಿಂಗ್ಟನ್. ಅದು ಅವರಿಗೆ ಆಗಲೇ ಹೇಳಿದೀನಿ."

ಅವಳು ಕೋಟು ತೊಟ್ಟಳು. ಗುಂಡಿ ಹಾಕಿಕೊಳ್ಳದೆಯೇ ಬಾಗಿಲ ಕಡೆ ತಿರುಗಿದಳು. ಜೋಸ್ಲಿನ್ ಎದ್ದು ಬಂದು ಕತ್ತಿನವರೆಗೂ ಹಾಕಿಕೊಟ್ಟಳು.